ಒಣಹಣ್ಣಿನ ಟಾರ್ಟು, ನೀರಿನ ಶಿಸ್ತು

ಯೂರೋಪಿನ ಅಡುಗೆಮನೆಗಳಿಂದ ಹೊರಟು ನಮ್ಮ ನಗರಗಳ ಬೇಕರಿಗಳನ್ನು ಸೇರಿ, ಅಲ್ಲಿಂದ ನಮ್ಮ ಮನೆಗಳೊಳಕ್ಕೂ ಕಾಲಿಟ್ಟಿರುವ ಭಕ್ಷ್ಯಗಳಲ್ಲಿ ಕೇಕಿಗೆ ದೊರೆತಿರುವ ಆದರವು ಟಾರ್ಟಿಗೆ ಇನ್ನೂ ದೊರೆತಿಲ್ಲ. ಅಂಚೆತ್ತಿದ ತಟ್ಟೆಯ ಆಕಾರದಲ್ಲಿ ಬೆಂದ, ಬಾಯಿಗಿಟ್ಟರೆ ಪುಡಿಪುಡಿಯಾಗುವ ಮೈದಾಹಿಟ್ಟಿನ ಕಣಕ, ಅದರೊಳಗೆ ತುಂಬಿದ ಹೂರಣ, ಬಹುಮಟ್ಟಿಗೆ ಮುಚ್ಚಳವಿಲ್ಲದ ತೆರೆದ ಮೈ: ಟಾರ್ಟಿನ ಸ್ಥೂಲರೂಪ ಇಷ್ಟೆ. ನೋಡುವುದಕ್ಕೆ ಇಷ್ಟು ಸರಳವಾದ ಈ ತಿನಿಸನ್ನು ಮಾಡಹೊರಟವರು ಮಾತ್ರ, ಕೇಕನ್ನು ಸೊಗಸಾಗಿ ಮಾಡಬಲ್ಲವರಾಗಿದ್ದರೂ, ತಳ ಹಸಿಹಸಿಯಾಗಿ ಉಳಿಯಿತೆಂದೋ, ಅಂಚು ಕುಸಿದು ಒಳಕ್ಕೆ ಬಿತ್ತೆಂದೋ, ಕಣಕವು ಹಲ್ಲಿಗೆ ಜಗ್ಗದಷ್ಟು ಗಟ್ಟಿಯಾಯಿತೆಂದೋ ನಿರಾಶರಾಗಿ ಅದರ ಸಹವಾಸವನ್ನೇ ಬಿಟ್ಟುಬಿಡುವುದುಂಟು. ಈ ದೋಷಗಳು ಮೇಲುನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಅವುಗಳ ಮೂಲ ಒಂದೇ ಎಂದು ನನ್ನ ನಂಬಿಕೆ. ಹಿಟ್ಟಿನಲ್ಲಿ, ಬೆಣ್ಣೆಯಲ್ಲಿ, ಹಣ್ಣಿನಲ್ಲಿ, ಸಕ್ಕರೆಯ ಪಾಕದಲ್ಲಿ, ಕಡೆಗೆ ಅಡುಗೆಮನೆಯ ಗಾಳಿಯಲ್ಲಿಯೂ ಅಡಗಿರುವ ನೀರನ್ನು ಎಲ್ಲಿ ಇರಗೊಡಬೇಕು, ಎಲ್ಲಿಂದ ಹೊರಡಿಸಬೇಕು ಎಂಬ ವಿವೇಚನೆ ಯಾರಿಗೆ ಒದಗಿತೋ ಅವರಿಗೆ ಟಾರ್ಟು ವಶವಾಯಿತೆಂದೇ ಹೇಳಬಹುದು. ಬಾದಾಮಿ, ಗೋಡಂಬಿ, ಅಕ್ರೋಟುಗಳನ್ನೂ ಒಣದ್ರಾಕ್ಷಿ, ಅಂಜೂರಗಳನ್ನೂ ಹೂರಣವಾಗಿ ಉಳ್ಳ ಟಾರ್ಟಿನಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗಿ ತೋರಿಬರುತ್ತದೆ. ಏಕೆಂದರೆ ಅಲ್ಲಿನ ಸಾಮಗ್ರಿಗಳೆಲ್ಲವೂ ನೀರನ್ನು ಕಳೆದುಕೊಂಡದ್ದರಿಂದಲೇ ರುಚಿಯನ್ನೂ ದೀರ್ಘಾಯುಷ್ಯವನ್ನೂ ಪಡೆದಂಥವು.

ಬೀಜಗಳೂ ಒಣಹಣ್ಣುಗಳೂ ಕಣಕದ ಮಡಿಲನ್ನು ಸೇರಿದ್ದು ಚಳಿಗಾಲದ ಅಗತ್ಯದಿಂದ. ಮರಗಳು ಬೋಳಾಗಿ ನೆಲ ಹೆಪ್ಪುಗಟ್ಟುವ ದೇಶಗಳಲ್ಲಿ ಡಿಸೆಂಬರ್ ತಿಂಗಳ ಹಬ್ಬದ ಊಟಕ್ಕೆ ತಾಜಾ ಹಣ್ಣು ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ಒಣಗಿಸಿ ಅಟ್ಟದ ಮೇಲಿಟ್ಟದ್ದೇ ಆಗ ಗತಿ. ಫ್ರಾನ್ಸಿನ ದಕ್ಷಿಣಭಾಗದ ಪ್ರೊವಾನ್ಸ್ ಪ್ರಾಂತದಲ್ಲಿ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಊಟದ ಬಳಿಕ 13 ಬಗೆಯ ಸಿಹಿಗಳನ್ನು ಇಡುವ ಸಂಪ್ರದಾಯವಿದ್ದು, ಅವುಗಳಲ್ಲಿ ಒಣದ್ರಾಕ್ಷಿ, ಅಂಜೂರ, ಬಾದಾಮಿ, ಹೇಝಲ್ ಬೀಜ ಎಂಬ ನಾಲ್ಕಕ್ಕೆ ವಿಶೇಷ ಗೌರವವುಂಟು. ಡೊಮಿನಿಕನ್, ಫ್ರಾನ್ಸಿಸ್ಕನ್, ಕಾರ್ಮೆಲೈಟ್, ಅಗಸ್ಟೀನಿಯನ್ ಎಂಬ, ಭಿಕ್ಷೆಯಿಂದ ಜೀವಿಸುತ್ತಿದ್ದ ನಾಲ್ಕು ಸಂನ್ಯಾಸಿಸಂಘಗಳ ಉಡುಪಿನ ಬಣ್ಣಗಳನ್ನು ಜನರು ಈ ನಾಲ್ಕರಲ್ಲಿ ಕಂಡರು. ಮಾಸಲು ಬಣ್ಣದ ಒಣ ಅಂಜೂರವು ಫ್ರಾನ್ಸಿಸ್ಕನ್ ಸಾಧುಗಳ ಒರಟು ನಿಲುವಂಗಿಗೆ ಹೊಂದಿತು. ಭಿಕ್ಷುಗಳ ಹೆಸರಿನಿಂದಲೇ ಕರೆಯಲ್ಪಡುವ ಈ ಹಣ್ಣುಬೀಜಗಳ ಟಾರ್ಟನ್ನು ಫ್ರಾನ್ಸಿನ ಮನೆಗಳಲ್ಲಿ ಇಂದಿಗೂ ಮಾಡುತ್ತಾರೆ. ಅತ್ಯಂತ ದುಬಾರಿಯಾದ ಸಾಮಗ್ರಿಗಳಿಂದ ಕೂಡಿದ ತಿನಿಸಿಗೆ ಅಪರಿಗ್ರಹವ್ರತಿಗಳ ಹೆಸರು ನಿಂತದ್ದು ನನಗೆ ಯಾವಾಗಲೂ ಹೃದ್ಯವಾಗಿ ತೋರಿದೆ.

ಇದಕ್ಕಿಂತಲೂ ಬೋಧಪ್ರದವಾದ ಇತಿಹಾಸ ಸ್ವಿಟ್ಜರ್ಲೆಂಡಿನ ಎಂಗಾಡೀನ್ ಕಣಿವೆಯ ಅಕ್ರೋಟಿನ ಟಾರ್ಟಿನದು. ಸಮುದ್ರಮಟ್ಟದಿಂದ ಸುಮಾರು 1700 ಮೀಟರ್ ಎತ್ತರದಲ್ಲಿರುವ ಆ ಕಣಿವೆಯ ಮೇಲ್ಭಾಗದಲ್ಲಿ ಅಕ್ರೋಟಿನ ಮರ ಬೆಳೆಯುವುದೇ ಇಲ್ಲ. ಬಡತನದ ಆ ನಾಡಿನಿಂದ ಜೀವನೋಪಾಯವನ್ನರಸಿ ಹೊರಟ ಯುವಕರು ತಲೆಮಾರುಗಳ ಕಾಲ ವೆನಿಸ್ ನಗರದಲ್ಲಿ ಮಿಠಾಯಿಗಾರರಾಗಿ ಹೆಸರು ಮಾಡಿದರು. 1766ರಲ್ಲಿ ಅಲ್ಲಿನ ಗಣರಾಜ್ಯವು ಅವರನ್ನು ಹೊರಹಾಕಿದ ಮೇಲೆ ಯೂರೋಪಿನ ಇತರ ಪಟ್ಟಣಗಳಿಗೆ ಚೆದುರಿ, ದೂರದ ಸೇಂಟ್ ಪೀಟರ್ಸ್‌ಬರ್ಗಿನವರೆಗೂ ಹೋಗಿ ಅಂಗಡಿಗಳನ್ನಿಟ್ಟರು. ಹೀಗೆ ಹೊರಹೋದವರ ಕಸುಬು ತಾಯ್ನಾಡಿಗೆ ಮರಳಿತು, ದಕ್ಷಿಣದ ತಗ್ಗುನಾಡುಗಳ ಅಕ್ರೋಟೂ ಅಲ್ಲಿಗೆ ಬಂದಿತು. 1926ರಲ್ಲಿ ಸಮೇದಾನ್ ಎಂಬ ಊರಿನ ಫೌಸ್ತೊ ಪುಲ್ತ್ ಎಂಬ ಮಿಠಾಯಿಗಾರನು ಸುಟ್ಟ ಸಕ್ಕರೆ, ಕೆನೆ, ಅಕ್ರೋಟುಗಳ ಹೂರಣವನ್ನು ಮೇಲೂ ಕೆಳಗೂ ಕಣಕದಿಂದ ಮುಚ್ಚಿದ ಟಾರ್ಟನ್ನು ಮಾರಲಾರಂಭಿಸಿದನೆಂದು ಹೇಳುತ್ತಾರೆ. ಆ ತಿನಿಸು ಪ್ರಪಂಚದ ಮೂಲೆಮೂಲೆಗೆ ಅಂಚೆಯಲ್ಲಿ ಹೋಗುವಂಥದಾಗಿ ಬೆಳೆದದ್ದಕ್ಕೆ ರುಚಿಯಷ್ಟೇ ಮುಖ್ಯವಾದ ಕಾರಣ, ಅದು ವಾರಗಟ್ಟಲೆ ಕೆಡದೆ ಇರುತ್ತದೆಂಬುದು. ಸಕ್ಕರೆಯನ್ನು ಕಂದುಬಣ್ಣಕ್ಕೆ ಸುಡುವಾಗ ಅದರಲ್ಲಿ ನೀರು ಉಳಿಯದು, ಕೆನೆಯ ನೀರು ಕುದಿತದಲ್ಲಿ ಬಹುಪಾಲು ಆರುತ್ತದೆ, ಅಕ್ರೋಟಿನಲ್ಲಿ ನೀರು ಮೊದಲೇ ಅತ್ಯಲ್ಪ. ಬೂಷ್ಟು ಬೆಳೆಯಲು ಬೇಕಾದ ತೇವವೇ ಅಲ್ಲಿ ದೊರೆಯುವುದಿಲ್ಲ. ನಾನು ಮುಂದೆ ವಿವರಿಸಲಿರುವ ಟಾರ್ಟು ಈ ಎಂಗಾಡೀನಿನ ಹೂರಣಕ್ಕೆ ಪ್ರೊವಾನ್ಸಿನ ಒಣಹಣ್ಣುಗಳನ್ನು ಕೂಡಿಸಿದಂಥದು.

ನಮ್ಮಲ್ಲಿಯೂ ಇದರ ಬಂಧುಗಳಿಲ್ಲದೆ ಇಲ್ಲ. ಹಾಸನದ ಕಡೆಯ ಹಳ್ಳಿಗಳಿಂದ ಬಂದ ಅಯ್ಯಂಗಾರ್ ಮನೆತನಗಳು ಬೆಂಗಳೂರಿನಲ್ಲಿಯೂ ನಾಡಿನ ಇತರ ಊರುಗಳಲ್ಲಿಯೂ ನಡೆಸಿಕೊಂಡು ಬಂದಿರುವ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ, ದುಂಡಗೆ ಬೇಯಿಸಿ ಮೂಲೆಮೂಲೆಯಾಗಿ ಕತ್ತರಿಸಿಟ್ಟ ದಿಲ್‌ಪಸಂದನ್ನು ಕಾಣದವರು ಯಾರು? ಪದರುಪದರಾದ ಹಿಟ್ಟಿನ ಎರಡು ಹೊದಿಕೆಗಳ ನಡುವೆ ಸಿಹಿಗೊಬ್ಬರಿ, ಟೂಟಿ ಫ್ರೂಟಿ, ಕೆಲವೆಡೆ ಗೋಡಂಬಿ ದ್ರಾಕ್ಷಿಗಳನ್ನು ತುಂಬಿದ ಅದು ಈ ಕುಲಕ್ಕೇ ಸೇರಿದ್ದು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರದಲ್ಲಿಯೂ ಹೂರಣ ತುಂಬಿದ ನೆವ್ರಿಗಳಿವೆ, ಮುಂಚಿತವಾಗಿ ನೆನೆಸಿಟ್ಟ ಒಣಹಣ್ಣುಗಳ ಕೇಕಿದೆ. ಆದಕಾರಣ ಟಾರ್ಟನ್ನು ಅಪರಿಚಿತವೆಂದು ಭಾವಿಸಿ ಅಂಜಬೇಕಾದ್ದಿಲ್ಲ.

ಸಾಮಗ್ರಿಗಳಿಂದ ಪ್ರಾರಂಭಿಸೋಣ. ನಮ್ಮ ಅಂಗಡಿಗಳಲ್ಲಿ ದೊರೆಯುವ ಒಣದ್ರಾಕ್ಷಿಯ ದೊಡ್ಡ ಪಾಲು ಬರುವುದು ವಿಜಯಪುರದ ಸೀಮೆಯಿಂದ ಮತ್ತು ಅದಕ್ಕೆ ಹೊಂದಿಕೊಂಡ ಮಹಾರಾಷ್ಟ್ರದ ಜಿಲ್ಲೆಗಳಿಂದ. ಬೇಸಗೆಯ ಮೊದಲಲ್ಲಿ ತಿಕೋಟೆಯ ಸುತ್ತಮುತ್ತ ಸಂಚರಿಸಿದವರು ಹೊಲಗಳ ನಡುವೆ ಹಸಿರು ನೆರಳುಬಲೆಯನ್ನು ಹೊದ್ದು ನಿಂತ ಉದ್ದುದ್ದ ಚಪ್ಪರಗಳನ್ನು ನೋಡಿರಬಹುದು. ಒಳಗೆ ಒಂದರ ಮೇಲೊಂದು ಅಂತಸ್ತುಗಳಾಗಿ ಬಿಗಿದ ತಂತಿಬಲೆಗಳು. ಅವುಗಳ ಮೇಲೆ ಬೀಜರಹಿತವಾದ ದ್ರಾಕ್ಷಿಯ ಗೊಂಚಲುಗಳು ಹರಡಿರುತ್ತವೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಪ್ರಕೃತಿಯು ತೆಳುವಾದ ಮೇಣವನ್ನು ಲೇಪಿಸಿರುವುದು ಒಳಗಿನ ರಸವು ಬಿಸಿಲಿಗೆ ಆರಿಹೋಗದಿರಲೆಂದು. ಒಣಗಿಸಬೇಕಾದವನಿಗೆ ಅದೇ ತಡೆಯಾಗುವುದರಿಂದ, ಗೊಂಚಲುಗಳನ್ನು ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ, ಇಥೈಲ್ ಓಲಿಯೇಟ್ ಎಂಬ ಎಣ್ಣೆಯೊಂದಿಗೆ, ಅದ್ದಿ ತೆಗೆಯುತ್ತಾರೆ. ಮೇಣದ ಪದರವು ಸಡಿಲಗೊಂಡು ನೀರಿಗೆ ಹೊರದಾರಿ ತೆರೆಯುತ್ತದೆ. ಒಣಗಾಳಿಯ ಆ ಸೀಮೆಯಲ್ಲಿ ಎರಡು ವಾರಗಳಷ್ಟರಲ್ಲಿ ಹಣ್ಣು ಸುಕ್ಕಾಗಿ, ನೆರಳಿನಲ್ಲಿ ಒಣಗಿದ್ದರಿಂದ ಹಸುರುಹೊಂಬಣ್ಣವನ್ನು ಉಳಿಸಿಕೊಂಡು ಸಿದ್ಧವಾಗುತ್ತದೆ. ಸುಮಾರು 4 ಕಿಲೋ ಹಸಿದ್ರಾಕ್ಷಿ ಒಣಗಿದರೆ 1 ಕಿಲೋ ಒಣದ್ರಾಕ್ಷಿ. ತೂಕದಲ್ಲಿ ನೂರಕ್ಕೆ 80ರಷ್ಟು ನೀರಿದ್ದ ಹಣ್ಣಿನಲ್ಲಿ ಈಗ ಉಳಿದದ್ದು ನೂರಕ್ಕೆ 15ರ ಆಸುಪಾಸು. ಆ ಕೊನೆಯ ಪಾಲನ್ನೂ ತೆಗೆದುಬಿಟ್ಟರೆ ಅದು ಹಲ್ಲಿಗೆ ಕಲ್ಲು. ಅದನ್ನು ಉಳಿಸಿಕೊಂಡದ್ದರಿಂದಲೇ ಮೃದುವಾಗಿ ಅಗಿಯಲು ಬರುತ್ತದೆ. ಟಾರ್ಟಿನ ಹೂರಣದಲ್ಲಿ ನಾವು ಕಾಪಾಡಬೇಕಾದದ್ದು ಈ ಸಮತೋಲವನ್ನೇ.

ಅಂಜೂರವು ಹಗ್ಗಕ್ಕೆ ಪೋಣಿಸಿದ ಚಪ್ಪಟೆ ಬಿಲ್ಲೆಗಳ ಸರವಾಗಿ ಅಂಗಡಿಗೆ ಬರುತ್ತದೆ, ಹೆಚ್ಚಿನದು ಆಫ್ಘಾನಿಸ್ತಾನದ್ದು. ಕೊಳ್ಳುವಾಗ ಒಂದನ್ನು ಬೆರಳಿನಿಂದ ಒತ್ತಿ ನೋಡಬೇಕು, ಸ್ವಲ್ಪವಾದರೂ ಬಾಗಬೇಕು. ಏಪ್ರಿಕಾಟಿನ ಹೊಳಪುಳ್ಳ ಕಿತ್ತಳೆಬಣ್ಣವು ಗಂಧಕದ ಧೂಮದಿಂದ ಉಳಿದದ್ದು. ಅದಿಲ್ಲದೆ ಒಣಗಿದ್ದು ಕಂದಾಗಿ ಕಾಣುತ್ತದೆಯಾದರೂ ರುಚಿಯಲ್ಲಿ ಕಡಿಮೆಯಲ್ಲ. ಖರ್ಜೂರವನ್ನು ಈ ಟಾರ್ಟಿಗೆ ಹಾಕದಿರುವುದೇ ಮೇಲೆಂದು ನನ್ನ ಅಭಿಪ್ರಾಯ. ಅದರ ಸಿಹಿಯು ಸುಟ್ಟ ಸಕ್ಕರೆಯ ಸಿಹಿಯೊಡನೆ ಕೂಡಿ ಉಳಿದ ಹಣ್ಣುಗಳ ಹುಳಿಯನ್ನು ಮುಚ್ಚಿಬಿಡುತ್ತದೆ. ಹಸಿ ಪಪ್ಪಾಯಿಯನ್ನು ಸಕ್ಕರೆಪಾಕದಲ್ಲಿ ಬೇಯಿಸಿ ಬಣ್ಣ ಕಟ್ಟಿದ ಟೂಟಿ ಫ್ರೂಟಿಗೂ ಇಲ್ಲಿ ಸ್ಥಳವಿಲ್ಲ. ಮೂರು ಬಗೆಯ ಹಣ್ಣು, ಮೂರು ಬಗೆಯ ಬೀಜ: ಅದಕ್ಕಿಂತ ಹೆಚ್ಚು ಬೆರೆಸಿದರೆ ಯಾವುದರ ಗುಣವೂ ನಾಲಿಗೆಗೆ ಪ್ರತ್ಯೇಕವಾಗಿ ಸಿಕ್ಕುವುದಿಲ್ಲ.

ಬೀಜಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿ ಮಾತನಾಡಬೇಕಾಗಿದೆ. ಗೋಡಂಬಿ ನಮ್ಮ ಕರಾವಳಿಯದೇ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಬ್ರೆಜಿಲ್ ದೇಶದಿಂದ ತಂದ ಗೇರುಮರವು ಪಶ್ಚಿಮತೀರದ ಗುಡ್ಡಗಳಲ್ಲಿ ಎಷ್ಟರಮಟ್ಟಿಗೆ ನೆಲೆಗೊಂಡಿತೆಂದರೆ, ಅದರ ಸಂಶೋಧನೆಗಾಗಿಯೇ ಒಂದು ರಾಷ್ಟ್ರೀಯ ಕೇಂದ್ರವು 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾಯಿತು. ಗೇರುಬೀಜದ ಚಿಪ್ಪಿನಲ್ಲಿರುವ ಎಣ್ಣೆಯು ಚರ್ಮವನ್ನು ಸುಡುವಂಥದು; ಕಾರ್ಖಾನೆಗಳಲ್ಲಿ ಕುಳಿತು ಒಂದೊಂದೇ ಬೀಜವನ್ನು ಒಡೆದು ತಿರುಳನ್ನು ಇಡಿಯಾಗಿ ತೆಗೆಯುವ ಹೆಂಗಸರ ಕೈಗಳ ಶ್ರಮವನ್ನು ನೆನೆದರೆ, ಅದನ್ನು ಹಾಳುಮಾಡದೆ ಬಳಸುವುದು ನಮ್ಮ ಕರ್ತವ್ಯವೆನಿಸುತ್ತದೆ. ಹಾಳಾಗುವುದೆಂದರೆ ಇಲ್ಲಿ ಕಮಟುವುದು. ಬಾದಾಮಿಯ ತೂಕದಲ್ಲಿ ಅರ್ಧದಷ್ಟೂ, ಅಕ್ರೋಟಿನಲ್ಲಿ ನೂರಕ್ಕೆ 65ರಷ್ಟೂ ಕೊಬ್ಬೇ ಇರುತ್ತದೆ. ಅದರಲ್ಲಿಯೂ ಅಕ್ರೋಟಿನ ಕೊಬ್ಬು ಗಾಳಿಯ ಆಮ್ಲಜನಕದೊಡನೆ ಬಹುಬೇಗ ಸೇರಿ ಕೆಡುವ ಜಾತಿಯದು. ನಮ್ಮ ಸೆಕೆಯಲ್ಲಿ ತೆರೆದ ಡಬ್ಬದೊಳಗೆ ತಿಂಗಳುಗಟ್ಟಲೆ ಇಟ್ಟ ಅಕ್ರೋಟು ಹಳೆಯ ಬಣ್ಣದ ವಾಸನೆಯನ್ನು ಪಡೆದಿರುತ್ತದೆ, ಅದನ್ನು ಯಾವ ಸಕ್ಕರೆಯೂ ಮರೆಮಾಡಲಾರದು. ಆದ್ದರಿಂದ ಕೊಂಡ ದಿನವೇ ಒಂದೆರಡನ್ನು ಬಾಯಿಗೆ ಹಾಕಿಕೊಂಡು ನೋಡಿ, ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನೊಳಗೆ ಇಡತಕ್ಕದ್ದು. ಟಾರ್ಟು ಮಾಡುವ ದಿನ ಬೀಜಗಳನ್ನು 160 ಡಿಗ್ರಿಯ ಓವನ್ನಿನಲ್ಲಿ 8ರಿಂದ 10 ನಿಮಿಷ, ಅಥವಾ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಕಂಪು ಏಳುವವರೆಗೆ ಹುರಿಯಬೇಕು. ಬೀಜದಲ್ಲಿದ್ದ ಅಲ್ಪಸ್ವಲ್ಪ ತೇವವೂ ಆಗ ಹೊರಟುಹೋಗುತ್ತದೆ. ಹೂರಣದೊಳಗೆ ಮುಳುಗಿದ್ದರೂ ಕಟುಮ್ಮೆನ್ನುವುದು ಹೀಗೆ ಹುರಿದ ಬೀಜ ಮಾತ್ರ.

ಇನ್ನು ಕಣಕದ ವಿಚಾರ. ಟಾರ್ಟಿನ ಜೀವ ಇರುವುದು ಇಲ್ಲಿಯೇ. ಗೋಧಿಹಿಟ್ಟಿನಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಸೋಂಕಿ, ಕೈ ನಾದಿದೊಡನೆ ಅವು ಒಂದಕ್ಕೊಂದು ಹೆಣೆದುಕೊಂಡು ಗ್ಲೂಟೆನ್ ಎಂಬ ಜಗ್ಗುವ ಬಲೆಯಾಗುತ್ತವೆ. ಒಬ್ಬಟ್ಟು ಮಾಡುವ ಮನೆಯಲ್ಲಿ ಕಣಕವನ್ನು ಸಡಿಲವಾಗಿ ಕಲಸಿ, ಎಣ್ಣೆ ಸುರಿದು, ಕೈ ಸೋಲುವಷ್ಟು ನಾದಿ, ಗಂಟೆಗಟ್ಟಲೆ ನೆನೆಯಲು ಬಿಡುವುದು ಈ ಬಲೆಯನ್ನು ಬೆಳೆಸುವುದಕ್ಕಾಗಿಯೇ. ಹಾಗೆ ಬೆಳೆದದ್ದರಿಂದಲೇ ಅದು ಹೂರಣದ ಸುತ್ತ ಹರಿಯದೆ ಕಾಗದದಷ್ಟು ತೆಳುವಾಗಿ ಹಬ್ಬುತ್ತದೆ. ಟಾರ್ಟಿನ ಕಣಕಕ್ಕೆ ಬೇಕಾದದ್ದು ಇದಕ್ಕೆ ನೇರ ವಿರುದ್ಧವಾದ ಗುಣ. ಅದು ಜಗ್ಗಬಾರದು, ಪುಡಿಯಾಗಬೇಕು. ಹಿಟ್ಟಿನ ಕಣಕಣಕ್ಕೂ ನೀರಿಗಿಂತ ಮೊದಲೇ ಬೆಣ್ಣೆಯ ಲೇಪ ಸಿಕ್ಕಿಬಿಟ್ಟರೆ ನೀರು ಒಳನುಗ್ಗಲಾರದು, ಬಲೆಯೂ ಬೆಳೆಯಲಾರದು. ಚಕ್ಕುಲಿ ಕೋಡುಬಳೆಗಳ ಹಿಟ್ಟಿಗೆ ಕಾದ ಎಣ್ಣೆಯನ್ನೋ ಬೆಣ್ಣೆಯನ್ನೋ ಮೊದಲು ಬೆರೆಸಿ, ನೀರನ್ನು ಆಮೇಲೆ ಚಿಮುಕಿಸುವ ನಮ್ಮ ಗೃಹಿಣಿಯರಿಗೆ ಈ ಕ್ರಮವನ್ನು ಹೊಸದಾಗಿ ಬೋಧಿಸಬೇಕಾದ್ದಿಲ್ಲ.

23 ಸೆಂಟಿಮೀಟರ್ ಅಗಲದ, ತಳ ಬಿಡಿಸಲು ಬರುವ ಟಾರ್ಟು ತಟ್ಟೆಯೊಂದಕ್ಕೆ 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 40 ಗ್ರಾಂ ಪುಡಿಸಕ್ಕರೆ, ಒಂದು ಚಿಟಿಕೆ ಉಪ್ಪು ಸಾಕು. ಮನೆಯಲ್ಲಿ ಕಡೆದ ಬೆಣ್ಣೆಯ ಸೊಗಸು ಬೇರೆಯೇ ಆದರೂ ಅದರಲ್ಲಿ ಮಜ್ಜಿಗೆಯ ಅಂಶ ಹೆಚ್ಚು. ಉಪಯೋಗಿಸುವುದಾದರೆ ತಣ್ಣೀರಿನಲ್ಲಿ ತೊಳೆದು, ಅಂಗೈಯಲ್ಲಿ ಒತ್ತಿಒತ್ತಿ ನೀರು ಹಿಂಡಿ, ಫ್ರಿಜ್ಜಿನಲ್ಲಿ ಗಟ್ಟಿಮಾಡಿಕೊಳ್ಳಬೇಕು. ಪೊಟ್ಟಣದ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80ಕ್ಕೆ ಕಡಿಮೆಯಿರಬಾರದು, ನೀರು 16ನ್ನು ಮೀರಬಾರದು ಎಂಬ ನಿಯಮವಿರುವುದರಿಂದ ಅದು ಹೆಚ್ಚು ನಂಬಿಕೆಯದು. ಅದರಲ್ಲಿ ಉಪ್ಪು ಮೊದಲೇ ಸೇರಿದ್ದರೆ ನಮ್ಮ ಚಿಟಿಕೆಯನ್ನು ಬಿಟ್ಟರಾಯಿತು. ಬೆಣ್ಣೆಗೆ ಬದಲು ತುಪ್ಪ ಹಾಕಿದರೆ ಕಣಕವು ನಾನ್‌ಖಟಾಯಿಯಂತೆ ಮರಳುಮರಳಾಗಿ, ತಟ್ಟೆಯಿಂದ ತೆಗೆಯುವಾಗಲೇ ಒಡೆದುಹೋಗುತ್ತದೆ.

ಬೆಣ್ಣೆಯು ತಣ್ಣಗಿರಬೇಕೆಂಬ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಇಂಗ್ಲೆಂಡಿನ ಅಡುಗೆಮನೆಯಲ್ಲಿ ತಾನಾಗಿ ಒದಗುವ ತಂಪು ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಒದಗಲಾರದು. ಆದ್ದರಿಂದ ನಾವು ಬೆಳಗಿನ ಹೊತ್ತನ್ನು ಆರಿಸಿಕೊಂಡು, ಮೈದಾವನ್ನೂ ಪಾತ್ರೆಯನ್ನೂ ಸಹ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕೆಲಸಕ್ಕೆ ತೊಡಗುವುದು ಕ್ಷೇಮ. ಚಿಕ್ಕಚಿಕ್ಕ ತುಂಡುಗಳಾಗಿ ಕತ್ತರಿಸಿದ ಬೆಣ್ಣೆಯನ್ನು ಜರಡಿ ಹಿಡಿದ ಹಿಟ್ಟಿನ ಮೇಲೆ ಹರಡಿ, ಬೆರಳ ತುದಿಗಳಿಂದ ಮಾತ್ರ ಹಿಟ್ಟನ್ನೂ ಬೆಣ್ಣೆಯನ್ನೂ ಮೇಲಕ್ಕೆತ್ತಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಹಗುರವಾಗಿ ಸರಿಸುತ್ತ ಕೆಳಕ್ಕೆ ಉದುರಿಸಬೇಕು. ಅಂಗೈ ಸೋಂಕಕೂಡದು, ಅಲ್ಲಿ ಶಾಖ ಹೆಚ್ಚು. ಮೊದಮೊದಲು ಬಿಳಿಯ ಹಿಟ್ಟಿನಲ್ಲಿ ಹಳದಿ ತುಣುಕುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕೆಲವು ನಿಮಿಷಗಳಲ್ಲಿ ಹಿಟ್ಟಿನ ಬಣ್ಣವೇ ಸ್ವಲ್ಪ ಕೆನೆಗೆ ತಿರುಗುತ್ತದೆ, ಹಿಡಿಯಲ್ಲಿ ತೆಗೆದು ಒತ್ತಿದರೆ ಗಟ್ಟಿಯಾಗಿ ನಿಂತು, ಬೆರಳು ತಾಕಿಸಿದರೆ ಉದುರುತ್ತದೆ. ಆ ದಪ್ಪ ರವೆಯ ಹದದಲ್ಲಿ ನಿಲ್ಲಿಸಿ, ಪುಡಿಸಕ್ಕರೆ ಬೆರೆಸಿ, ಒಂದು ಮೊಟ್ಟೆಯ ಹಳದಿಯನ್ನು ಎರಡು ಚಮಚ ಮಂಜಿನ ನೀರಿನಲ್ಲಿ ಕದಡಿ ಸುರಿದು, ಎಲ್ಲವೂ ಒಂದಕ್ಕೊಂದು ಅಂಟಿಕೊಳ್ಳುವಷ್ಟು ಮಾತ್ರ ಕೂಡಿಸಬೇಕು. ಮೊಟ್ಟೆ ಬೇಡವೆನ್ನುವವರು ಮೂರು ಚಮಚ ಮಂಜಿನ ನೀರನ್ನೇ, ಅಥವಾ ಎರಡು ಚಮಚ ಗಟ್ಟಿಮೊಸರನ್ನು ಬಳಸಬಹುದು. ನಾದಬೇಕೆಂದು ಕೈ ತವಕಪಡುತ್ತದೆ, ಚಪಾತಿಯ ಅಭ್ಯಾಸ ಅಂಥದು, ಅದನ್ನು ತಡೆಯಬೇಕು. ನಾದಿದರೆ ಬಲೆ ಬೆಳೆಯಿತು, ಬೆಳೆದ ಬಲೆ ಓವನ್ನಿನಲ್ಲಿ ಬಿಗಿದುಕೊಂಡಿತು, ಅಂಚು ಕುಸಿಯಿತು.

ಮುದ್ದೆಯನ್ನು ಚಪ್ಪಟೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್ಜಿನಲ್ಲಿ ವಿಶ್ರಮಿಸಲು ಬಿಟ್ಟ ಮೇಲೆ, ಎರಡು ಬಟರ್ ಪೇಪರುಗಳ ನಡುವೆ ಇಟ್ಟು ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ತಟ್ಟೆಗೆ ಹಾಸಬೇಕು. ಹರಿದರೆ ತುಂಡು ಹಿಟ್ಟಿನಿಂದ ತೇಪೆ ಹಾಕಬಹುದು, ಬೆಂದ ಮೇಲೆ ಗೊತ್ತಾಗುವುದಿಲ್ಲ. ಮೂಲೆಗಳಿಗೆ ಎಳೆದು ಹೊಂದಿಸದೆ, ಹಿಟ್ಟನ್ನು ಎತ್ತಿ ಒಳಕ್ಕೆ ಇಳಿಯಬಿಡಬೇಕು. ತಳಕ್ಕೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ ಇನ್ನೊಮ್ಮೆ ಅರ್ಧ ಗಂಟೆ ಫ್ರೀಜರಿನಲ್ಲಿ ಇಡತಕ್ಕದ್ದು. ಅನಂತರ ಹೂರಣವಿಲ್ಲದೆಯೇ ಬೇಯಿಸುವ ಹಂತ. ಬೆಣ್ಣೆಯಲ್ಲಿದ್ದ ನೀರು ಆವಿಯಾಗಿ ತಳವನ್ನು ಮೇಲಕ್ಕೆ ಉಬ್ಬಿಸದಂತೆ, ಕಣಕದ ಮೇಲೆ ಬಟರ್ ಪೇಪರ್ ಹಾಸಿ ರಾಜ್ಮಾ ಅಥವಾ ಕಡಲೆಕಾಳನ್ನು ಅಂಚಿನವರೆಗೂ ತುಂಬಿ, 190 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ, ಕಾಳನ್ನು ತೆಗೆದು, ತಳವು ಒಣಗಿ ತಿಳಿಯಾದ ಹೊಂಬಣ್ಣ ತಾಳುವವರೆಗೆ ಇನ್ನೂ 8ರಿಂದ 10 ನಿಮಿಷ ಬಿಡಬೇಕು. ಆ ಕಾಳು ಅಡುಗೆಗೆ ಬಾರದಾದರೂ ಒಂದು ಡಬ್ಬದಲ್ಲಿಟ್ಟರೆ ಇದೇ ಕೆಲಸಕ್ಕೆ ವರ್ಷಗಟ್ಟಲೆ ಒದಗುತ್ತದೆ. ಬಹಳ ಮಂದಿ ಈ ಹಂತವನ್ನು ಬಿಟ್ಟು ಹಸಿಯ ಕಣಕಕ್ಕೇ ಹೂರಣ ಸುರಿಯುತ್ತಾರೆ. ಹೂರಣದ ತೇವವು ಹಸಿ ಹಿಟ್ಟಿನೊಳಕ್ಕೆ ಇಳಿದ ಮೇಲೆ ಎಷ್ಟು ಹೊತ್ತು ಬೇಯಿಸಿದರೂ ತಳ ಗರಿಯಾಗದು. ಬಿಸಿಯಾದ ಕಣಕದ ತಳಕ್ಕೆ ಮೊಟ್ಟೆಯ ಬಿಳಿಯನ್ನು ತೆಳುವಾಗಿ ಸವರಿ ಎರಡು ನಿಮಿಷ ಓವನ್ನಿನಲ್ಲಿಟ್ಟರೆ ಅದು ಗಟ್ಟಿಯಾಗಿ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಮೊಟ್ಟೆ ಬಳಸದವರು ಎರಡು ಚಮಚ ಬಾದಾಮಿಪುಡಿಯನ್ನು ಹರಡಿದರೆ ಬಂದ ತೇವವನ್ನು ಅದು ಹೀರಿಕೊಳ್ಳುತ್ತದೆ.

ಹೂರಣಕ್ಕೆ 80 ಗ್ರಾಂ ಅಕ್ರೋಟು, 60 ಗ್ರಾಂ ಗೋಡಂಬಿ, 60 ಗ್ರಾಂ ಬಾದಾಮಿ, ಹುರಿದು ದಪ್ಪದಪ್ಪವಾಗಿ ತುಂಡರಿಸಿದ್ದು. 50 ಗ್ರಾಂ ಒಣದ್ರಾಕ್ಷಿ, 40 ಗ್ರಾಂ ಅಂಜೂರ, 30 ಗ್ರಾಂ ಏಪ್ರಿಕಾಟ್. ಹಣ್ಣುಗಳನ್ನು ದ್ರಾಕ್ಷಿಯ ಗಾತ್ರಕ್ಕೆ ಕತ್ತರಿಸಿ, ಬಿಸಿ ಕಿತ್ತಳೆರಸದಲ್ಲಿಯೋ ಹಾಲಿಲ್ಲದ ಚಹಾದಲ್ಲಿಯೋ ಕಾಲು ಗಂಟೆ ನೆನೆಸಿ, ಸೋಸಿ, ಬಟ್ಟೆಯ ಮೇಲೆ ಆರಿಸಬೇಕು. ನೆನೆಸದಿದ್ದರೆ ಅವು ಪಾಕದ ನೀರನ್ನು ಹೀರಿ ಹೂರಣವನ್ನು ಗಟ್ಟಿ ಮಾಡುತ್ತವೆ, ಮೇಲಕ್ಕೆ ತೇಲಿದವು ಕರಿಕಾಗುತ್ತವೆ. ರಾತ್ರಿಯೆಲ್ಲ ನೆನೆಸಿದರೆ ಕುಡಿದ ನೀರನ್ನು ಓವನ್ನಿನಲ್ಲಿ ಕಣಕಕ್ಕೇ ಒಪ್ಪಿಸುತ್ತವೆ.

ಸಕ್ಕರೆಯ ಪಾಕವನ್ನು ಒಂದೆಳೆ, ಎರಡೆಳೆ ಎಂದು ನಮ್ಮ ಹಿರಿಯರು ಬೆರಳ ನಡುವೆ ಎಳೆದು ನೋಡುತ್ತಿದ್ದರಲ್ಲ, ಅವರು ಅಳೆಯುತ್ತಿದ್ದುದು ಪಾಕದಲ್ಲಿ ಉಳಿದ ನೀರನ್ನೇ. ನೀರು ಕಡಿಮೆಯಾದಷ್ಟೂ ಪಾಕದ ಉಷ್ಣತೆ ಏರುತ್ತದೆ. ನೀರೆಲ್ಲ ಹೋಗಿ 160 ಡಿಗ್ರಿಯನ್ನು ದಾಟಿದ ಮೇಲೆ ಸಕ್ಕರೆಯು ತಾನೇ ಒಡೆದು ಬಣ್ಣ ತಿರುಗಿ, ಸಿಹಿಯ ಜೊತೆಗೆ ಒಂದು ಸಣ್ಣ ಕಹಿಯನ್ನೂ ನೂರು ಬಗೆಯ ಕಂಪನ್ನೂ ಪಡೆಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ 150 ಗ್ರಾಂ ಸಕ್ಕರೆಗೆ ಮೂರು ಚಮಚ ನೀರು ಬೆರೆಸಿ ಮಧ್ಯಮ ಉರಿಯ ಮೇಲಿಡಬೇಕು. ಸಕ್ಕರೆ ಕರಗಿದ ಬಳಿಕ ಸೌಟು ಆಡಿಸಬಾರದು, ಆಡಿಸಿದರೆ ಹರಳುಗಟ್ಟುತ್ತದೆ. ಪಾತ್ರೆಯನ್ನೇ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಕು. ದೊಡ್ಡ ಗುಳ್ಳೆಗಳು ಬಂದು, ನಿಧಾನವಾಗಿ ಸಣ್ಣವಾಗಿ, ಒಂದು ಮಗ್ಗುಲಿನಲ್ಲಿ ಹಳದಿ ಕಾಣಿಸಿಕೊಂಡ ಮೇಲೆ ಕಣ್ಣು ಕದಲಿಸುವಂತಿಲ್ಲ. ಹಳದಿಯಿಂದ ತಾಮ್ರದ ಬಣ್ಣಕ್ಕೆ ಅರ್ಧ ನಿಮಿಷ, ತಾಮ್ರದಿಂದ ಸೀದ ಕಪ್ಪಿಗೆ ಇನ್ನೂ ಕಡಿಮೆ. ತಾಮ್ರವರ್ಣ ಬಂದ ಕ್ಷಣವೇ ಒಲೆಯಿಂದಿಳಿಸಿ, ಬೆಚ್ಚಗೆ ಮಾಡಿದ 150 ಮಿಲಿಲೀಟರ್ ಕ್ರೀಮನ್ನು ಸ್ವಲ್ಪಸ್ವಲ್ಪವಾಗಿ ಸುರಿಯಬೇಕು. ಪಾಕವು ಭೋರ್ಗರೆದು ಮೇಲಕ್ಕೆದ್ದು ಆವಿಯನ್ನು ಚಿಮ್ಮಿಸುವುದರಿಂದ ಪಾತ್ರೆ ಎತ್ತರದ್ದಾಗಿರಲಿ, ಮಕ್ಕಳು ದೂರವಿರಲಿ. ಶಬ್ದ ಅಡಗಿದ ಮೇಲೆ 30 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಜೇನು, ಕಾಲು ಚಮಚ ಉಪ್ಪು, ಒಂದು ನಿಂಬೆಯ ಸಿಪ್ಪೆಯ ತುರಿ ಹಾಕಿ, ಎರಡು ಮೂರು ನಿಮಿಷ ಕುದಿಸಿ, ಬೀಜಗಳನ್ನೂ ಹಣ್ಣುಗಳನ್ನೂ ಬೆರೆಸಬೇಕು. ಉಪ್ಪನ್ನು ಬಿಡಬೇಡಿರೆಂದು ಓದುಗರಲ್ಲಿ ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ಅದಿಲ್ಲದ ಹೂರಣ ಎರಡು ತುತ್ತಿಗೇ ಸಾಕೆನಿಸುತ್ತದೆ.

ಸಕ್ಕರೆಗೆ ಬದಲು ಬೆಲ್ಲ ಆಗದೆ ಎಂದು ಕೇಳುವವರುಂಟು. ಬೆಲ್ಲ ಬಿದ್ದ ಹಾಲು ಒಡೆಯುವುದು ಪಾಯಸ ಮಾಡುವವರಿಗೆಲ್ಲ ತಿಳಿದದ್ದೇ, ಕ್ರೀಮಿನ ಪಾಡೂ ಅದೇ ಆಗಬಹುದು. ಆದರೆ ಕರಾವಳಿಯವರು ಪಾಯಸಕ್ಕೆ ಮಾಡುವಂತೆ ಬೆಲ್ಲವನ್ನು ಕರಗಿಸಿ, ಸೋಸಿ, ಗಟ್ಟಿ ತೆಂಗಿನಹಾಲು ಸೇರಿಸಿ ಕುದಿಸಿ ಇಂಗಿಸಿದರೆ, ಎಂಗಾಡೀನಿನದಲ್ಲದಿದ್ದರೂ ತನ್ನದೇ ಆದ ಘನತೆಯುಳ್ಳ ಹೂರಣ ದೊರೆಯುತ್ತದೆ. ಏಲಕ್ಕಿ ಅದಕ್ಕೆ ಒಪ್ಪುತ್ತದೆ.

ಹೂರಣವನ್ನು ಬೆಂದ ಕಣಕದೊಳಗೆ ಹರಡಿ 170 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿದರೆ ಅಂಚಿನ ಸುತ್ತ ಪಾಕವು ನಿಧಾನವಾಗಿ ಗುಳ್ಳೆಯಾಡುತ್ತದೆ, ಅಲ್ಲಿಗೆ ಸಾಕು. ಮನೆಯ ಓವನ್ನಿನ ಮುಳ್ಳು ತೋರಿಸುವ ಉಷ್ಣತೆಗೂ ಒಳಗಿನ ನಿಜವಾದ ಉಷ್ಣತೆಗೂ ಅಂತರವಿರುವುದು ಸಾಮಾನ್ಯವಾದ್ದರಿಂದ ಗಡಿಯಾರಕ್ಕಿಂತ ಬಣ್ಣವನ್ನು ನಂಬುವುದು ಲೇಸು. ಓವನ್ ಇಲ್ಲದ ಮನೆಗಳಲ್ಲಿ, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದ ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಅಥವಾ ಮರಳು ಹಾಸಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಚೆನ್ನಾಗಿ ಕಾಯಿಸಿ, ಕುಕ್ಕರಿಗೆ ಹಿಡಿಸುವ ಚಿಕ್ಕ ತಟ್ಟೆಯಲ್ಲಿ ಬೇಯಿಸಬಹುದು. ಮೇಲುಭಾಗ ಅಷ್ಟಾಗಿ ಕೆಂಪಡರದಿದ್ದರೂ ಶಾಖವು ಕೆಳಗಿನಿಂದ ಬರುವುದರಿಂದ ತಳ ಚೆನ್ನಾಗಿಯೇ ಗರಿಯಾಗುತ್ತದೆ, ಟಾರ್ಟಿನಲ್ಲಿ ಮುಖ್ಯವಾದದ್ದು ಅದೇ.

ಬಿಸಿಯಿರುವಾಗ ಕತ್ತರಿಸಿದರೆ ಹೂರಣ ಹರಿದುಹೋಗುತ್ತದೆ. ಮೂರು ನಾಲ್ಕು ಗಂಟೆ ಆರಲು ಬಿಟ್ಟು, ತಟ್ಟೆಯ ಹೊರಬಳೆಯನ್ನು ಕಳಚಿ, ಬ್ರೆಡ್ಡು ಕೊಯ್ಯುವ ಹಲ್ಲಿನ ಚಾಕುವಿನಿಂದ ಸಣ್ಣಸಣ್ಣ ಮೂಲೆಗಳಾಗಿ ಕೊಯ್ಯಬೇಕು. ಇದು ಭಾರವಾದ ತಿನಿಸು, ಒಂದು ಟಾರ್ಟು 12 ಜನರಿಗೆ ಧಾರಾಳವಾಗುತ್ತದೆ. ಮರುದಿನಕ್ಕೆ ಹಣ್ಣಿನ ಹುಳಿ ಪಾಕಕ್ಕೆ ಹೊಂದಿಕೊಂಡು ರುಚಿ ಇನ್ನೂ ಹೆಚ್ಚುವುದರಿಂದ ಹಬ್ಬದ ಹಿಂದಿನ ದಿನವೇ ಮಾಡಿಟ್ಟರೆ ಒಳ್ಳೆಯದು. ಬಯಲುಸೀಮೆಯ ಚಳಿಗಾಲದಲ್ಲಿ ಬಿಗಿಯಾದ ಸ್ಟೀಲ್ ಡಬ್ಬದಲ್ಲಿ ವಾರದವರೆಗೆ ಇಡಲು ಅಡ್ಡಿಯಿಲ್ಲ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಮಾತ್ರ ಸುಟ್ಟ ಸಕ್ಕರೆಯು ಗಾಳಿಯ ತೇವವನ್ನು ಒಂದೇ ದಿನದಲ್ಲಿ ಹೀರಿಕೊಂಡು ಮೇಲ್ಮೈ ಜಿಗುಟಾಗುತ್ತದೆ, ಕಣಕವೂ ಮೆತ್ತಗಾಗುತ್ತದೆ. ಹಾಗಾದ ತುಂಡುಗಳನ್ನು 150 ಡಿಗ್ರಿಯ ಓವನ್ನಿನಲ್ಲಿ 8 ನಿಮಿಷ ಇಟ್ಟು ಪೂರ್ತಿಯಾಗಿ ಆರಿಸಿದರೆ ತಳವು ಮತ್ತೆ ಗರಿಯಾಗುತ್ತದೆ. ಲಟ್ಟಿಸಿ ಉಳಿದ ಅಂಚಿನ ಹಿಟ್ಟನ್ನು ಬಿಸಾಡದೆ, ಒಂದಿಷ್ಟು ಜೀರಿಗೆ ಒತ್ತಿ, ಚೌಕವಾಗಿ ಕತ್ತರಿಸಿ ಅದೇ ಓವನ್ನಿನ ಕೊನೆಯ ಶಾಖದಲ್ಲಿ ಬೇಯಿಸಿದರೆ ಮಕ್ಕಳಿಗೆ ಸಂಜೆಯ ಬಿಸ್ಕತ್ತಾಗುತ್ತದೆ.